‘ಬಿಡ್ತು’ ಅನ್ನದ ವಿದ್ಯೆ

ನಮ್ಮ ಮನೆಗಳಲ್ಲಿ ಯಾರಾದರೂ ಬಾಯಿತಪ್ಪಿ ಕೆಟ್ಟದ್ದನ್ನು ನುಡಿದರೆ ಹಿರಿಯರು ಕೂಡಲೇ ಗದರಿಸುತ್ತಾರೆ: “ಬಿಡ್ತು ಅನ್ನು!” ಮಗ ಪ್ರಯಾಣಕ್ಕೆ ಹೊರಟು ನಿಂತಾಗ ಬಸ್ಸು ಮಗುಚಿಕೊಂಡರೆ ಎಂಬ ಮಾತು, ಮದುವೆಯ ಚಪ್ಪರಕ್ಕೆ ಬೆಂಕಿ ತಗುಲಿದರೆ ಎಂಬ ಮಾತು, ಇವು ಆಡಬಾರದ ಮಾತುಗಳು. ಆಡಿದ ಬಾಯೇ ಅದನ್ನು ಹಿಂದಕ್ಕೆ ತೆಗೆದುಕೊಳ್ಳಬೇಕು. ಈ ಗದರಿಕೆಯ ಹಿಂದಿರುವ ಪ್ರೀತಿಯನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಕಳೆದ ಎಪ್ಪತ್ತೈದು ವರ್ಷಗಳಲ್ಲಿ ಇದಕ್ಕೆ ನೇರ ವಿರುದ್ಧವಾದ ಒಂದು ವಿದ್ಯೆ ಬೆಳೆದುಬಂದಿದೆ. ಆಡಬಾರದ್ದನ್ನು ಆಡುವುದೇ ಅದನ್ನು ಕಲಿಯುವವನ ಮೊದಲ ಪಾಠ. ಆಡಿ ಸುಮ್ಮನಾಗುವಂತಿಲ್ಲ, ಕಾಗದದ ಮೇಲೆ ಬರೆದು, ಪಕ್ಕದಲ್ಲಿ ಅಂಕಿ ಹಾಕಿ, ಕೆಳಗೆ ರುಜು ಮಾಡಬೇಕು. ಇಂಗ್ಲಿಷಿನಲ್ಲಿ ಅದರ ಹೆಸರು ಉದ್ದವಾದದ್ದು: ಫೇಲ್ಯೂರ್ ಮೋಡ್ ಅಂಡ್ ಎಫೆಕ್ಟ್ಸ್ ಅನಾಲಿಸಿಸ್. ಕಾರ್ಖಾನೆಗಳಲ್ಲಿ ಎಫ್.ಎಂ.ಇ.ಎ. ಎಂದು ಮೊಟಕುಮಾಡಿ ಕರೆಯುತ್ತಾರೆ. ನಾನು ಇಲ್ಲಿ ‘ಕೇಡಿನ ಪಟ್ಟಿ’ ಎಂದು ಕರೆಯುತ್ತೇನೆ.

ಇದರ ಸ್ವರೂಪ ತಿಳಿಯಲು ದೊಡ್ಡ ಕಾರ್ಖಾನೆಗೇನೂ ಹೋಗಬೇಕಾಗಿಲ್ಲ. ಅಡಿಗೆಮನೆಯ ಪ್ರೆಷರ್ ಕುಕ್ಕರನ್ನು ನೋಡಿದರೆ ಸಾಕು. ಅದರ ಮುಚ್ಚಳದ ನಡುವೆ ಒಂದು ಸಣ್ಣ ಕೊಳವೆ, ಅದರ ಮೇಲೆ ಕೂರುವ ಒಂದು ಭಾರ. ಒಳಗಿನ ಒತ್ತಡ ಗೊತ್ತಾದ ಮಿತಿಯನ್ನು ಮುಟ್ಟಿದಾಗ ಆವಿ ಆ ಭಾರವನ್ನು ಎತ್ತಿ ಕೂಗುತ್ತ ಹೊರಬರುತ್ತದೆ. ಆ ಕೊಳವೆಗೆ ಬೇಳೆಯ ಸಿಪ್ಪೆಯೊಂದು ಸಿಕ್ಕಿಕೊಂಡರೇನು ಗತಿ? ಅದಕ್ಕಾಗಿಯೇ ಪಕ್ಕದಲ್ಲಿ ಸೇಫ್ಟಿ ವಾಲ್ವು ಇದೆ. ಕಾವು ಮಿತಿಮೀರಿದರೆ ಅದರೊಳಗಿನ ಲೋಹ ಕರಗಿ ಆವಿಗೆ ಬೇರೊಂದು ದಾರಿ ಕೊಡುತ್ತದೆ. ಇನ್ನು ಮುಚ್ಚಳದ ಅಂಚಿಗೆ ರಬ್ಬರಿನ ಬಳೆ, ಅಂದರೆ ಗ್ಯಾಸ್ಕೆಟ್. ಅದು ಹಳೆಯದಾಗಿ ಸಡಿಲವಾದರೆ ಗೃಹಿಣಿಯರು ಅದನ್ನು ಸ್ವಲ್ಪ ಹೊತ್ತು ಫ್ರಿಜ್ಜಿನಲ್ಲಿಟ್ಟು ತೆಗೆದು, ಇನ್ನೆರಡು ದಿನದ ಅಡಿಗೆಯನ್ನು ಸಾಗಿಸುತ್ತಾರೆ. ತಣ್ಣಗಾದ ರಬ್ಬರು ಗಡುಸಾಗುತ್ತದೆ ಎಂಬುದು ಅಡಿಗೆಮನೆಯ ಜ್ಞಾನ. ಓದುಗರು ಈ ಮಾತನ್ನು ದಯವಿಟ್ಟು ನೆನಪಿನಲ್ಲಿಟ್ಟುಕೊಳ್ಳಬೇಕು. ಏಳು ಜನರ ಪ್ರಾಣಕ್ಕೆ ಸಂಬಂಧಿಸಿದ ಕಡೆಯಲ್ಲಿ ಇದು ಮತ್ತೆ ಬರುತ್ತದೆ.

ಕುಕ್ಕರಿನ ಮೂಲಪುರುಷ ಡೆನಿಸ್ ಪ್ಯಾಪಿನ್ ಎಂಬ ಫ್ರೆಂಚ್ ವಿದ್ವಾಂಸ. 1679ರಲ್ಲಿ ಆತ ಲಂಡನ್ನಿನ ರಾಯಲ್ ಸೊಸೈಟಿಯವರ ಮುಂದೆ ಮೂಳೆಯನ್ನೂ ಬೇಯಿಸಿ ಮೆತ್ತಗೆ ಮಾಡುವ ತನ್ನ ಪಾತ್ರೆಯನ್ನು ತೋರಿಸಿದ. ಅದಕ್ಕೆ ಭಾರದಿಂದ ಅದುಮಿಟ್ಟ ಒಂದು ಕವಾಟವನ್ನೂ ಆತನೇ ಯೋಚಿಸಬೇಕಾಯಿತು. ಬಳಸುವವನು ಎಡವುವ ಮೊದಲೇ ಮಾಡುವವನು ಮನಸ್ಸಿನಲ್ಲಿ ಎಡವಿ ನೋಡುವುದು ಹೀಗೆ ಹೊಸತೇನಲ್ಲ. ಒಳ್ಳೆಯ ಬಡಗಿ, ಒಳ್ಳೆಯ ಗಾರೆಯವನು ಎಲ್ಲರೂ ಇದನ್ನು ಮಾಡುತ್ತಲೇ ಬಂದಿದ್ದಾರೆ. ಆದರೆ ಅವರು ಅದನ್ನು ಬರೆದಿಡಲಿಲ್ಲ. ಬಡಗಿಯೊಡನೆ ಬಡಗಿಯ ಅಂಜಿಕೆಯೂ ಹೋಯಿತು.

ಬರೆದಿಡಬೇಕೆಂಬ ನಿಯಮ ಬಂದುದು ಎರಡನೆಯ ಮಹಾಯುದ್ಧದ ತರುವಾಯ. ಆ ಯುದ್ಧದಲ್ಲಿ ರೇಡಿಯೋ, ರಾಡಾರುಗಳ ಬಳಕೆ ಹಿಂದೆಂದೂ ಇಲ್ಲದಷ್ಟು ಹೆಚ್ಚಿತು. ಅವುಗಳ ಒಳಗಿದ್ದುದು ಗಾಜಿನ ವಾಲ್ವುಗಳು. ಬಂಗಲೆಯ ದಿವಾನಖಾನೆಯಲ್ಲಿ ಸುಖವಾಗಿ ಹಾಡುತ್ತಿದ್ದ ವಾಲ್ವು ಹಡಗಿನ ಕುಲುಕಾಟದಲ್ಲಿ, ವಿಮಾನದ ಚಳಿಯಲ್ಲಿ, ದ್ವೀಪಗಳ ತೇವದಲ್ಲಿ ಮತ್ತೆ ಮತ್ತೆ ಕೈಕೊಟ್ಟಿತು. ಕೆಟ್ಟ ಮೇಲೆ ವಿಚಾರಣೆ ನಡೆಸುವುದು ಶವಪರೀಕ್ಷೆ ಇದ್ದಂತೆ. ಕಾರಣ ತಿಳಿಯುತ್ತದೆ, ಜೀವ ಬರುವುದಿಲ್ಲ. ಆದ್ದರಿಂದ ಅಮೆರಿಕದ ಸೇನಾ ಇಲಾಖೆ 1949ರ ನವೆಂಬರ್ 9ರಂದು ಒಂದು ಕಾರ್ಯವಿಧಾನವನ್ನು ಹೊರಡಿಸಿತು. ಅದರ ಗುರುತು ಎಂ.ಐ.ಎಲ್.-ಪಿ-1629. ಯಂತ್ರದ ಒಂದೊಂದು ಭಾಗವನ್ನೂ ತೆಗೆದುಕೊಂಡು, ಅದು ಯಾವ ಯಾವ ಬಗೆಯಲ್ಲಿ ಕೆಡಬಹುದು, ಕೆಟ್ಟರೆ ಕೆಲಸಕ್ಕೇನು, ಜನಕ್ಕೇನು ಎಂಬುದನ್ನು ಸಾಲುಸಾಲಾಗಿ ಬರೆದು, ಪರಿಣಾಮದ ಉಗ್ರತೆಗೆ ತಕ್ಕಂತೆ ವರ್ಗ ಮಾಡಬೇಕೆಂದು ಅದು ವಿಧಿಸಿತು. ನೋಡಲು ಇದು ಬರಿಯ ಗುಮಾಸ್ತೆಯ ಕೆಲಸದಂತೆ ಕಾಣುತ್ತದೆ. ಆದರೆ ‘ಕೆಡುತ್ತದೆ’ ಎಂಬ ಒಂದೇ ಮಾತಿಗೂ ‘ಕೆಡುವ ಬಗೆ’ ಎಂಬ ಮಾತಿಗೂ ಇರುವ ಅಂತರ ಸಣ್ಣದಲ್ಲ. ಕುಕ್ಕರಿನ ವಾಲ್ವು ತೆರೆಯಬೇಕಾದಾಗ ತೆರೆಯದಿರುವುದು ಒಂದು ಬಗೆ. ತೆರೆಯಬಾರದಾಗ ತೆರೆಯುವುದು ಇನ್ನೊಂದು. ಮೊದಲನೆಯದರಲ್ಲಿ ಮುಚ್ಚಳ ಸೂರಿಗೆ ಹಾರೀತು. ಎರಡನೆಯದರಲ್ಲಿ ಅನ್ನ ಅರೆಬೆಂದೀತು. ಎರಡಕ್ಕೂ ‘ವಾಲ್ವು ಕೆಟ್ಟಿತು’ ಎಂದು ಬರೆದುಕೊಂಡವನು ಏನನ್ನೂ ಬರೆದುಕೊಂಡಂತಾಗಲಿಲ್ಲ.

ಇದನ್ನು ಜಾತಕಕ್ಕೆ ಹೋಲಿಸುವವರಿದ್ದಾರೆ. ಹೋಲಿಕೆ ಸರಿಯಲ್ಲ. ಜಾತಕ ಯಾವಾಗ ಎಂಬುದನ್ನು ಹೇಳಲು ಹೊರಡುತ್ತದೆ. ಈ ಪಟ್ಟಿ ಹೇಗೆ ಎಂಬುದನ್ನು ಮಾತ್ರ ಹೇಳುತ್ತದೆ. ಶಾಂತಿ ಮಾಡಿಸುವ ಭಾರವೂ ಬರೆದವನ ಮೇಲೆಯೇ.

ಚಂದ್ರನಿಗೆ ಮನುಷ್ಯನನ್ನು ಕಳುಹಿಸುವ ಅಪೊಲೊ ಯೋಜನೆಯಲ್ಲಿ ಅಮೆರಿಕದ ನಾಸಾ ಸಂಸ್ಥೆ ಈ ಪಟ್ಟಿಗಳನ್ನು ವಿಪುಲವಾಗಿ ಬಳಸಿತು. ಹಾಗೆ ಬಳಸಿದ ಮೇಲೂ ಎರಡು ದೊಡ್ಡ ಪೆಟ್ಟುಗಳು ಬಿದ್ದವು. ಅವೆರಡರ ಸ್ವಭಾವವೇ ಬೇರೆಬೇರೆ.

1967ರ ಜನವರಿ 27ರಂದು ಫ್ಲಾರಿಡಾದ ಉಡ್ಡಯನ ಕಟ್ಟೆಯ ಮೇಲೆ ಗ್ರಿಸಮ್, ವೈಟ್, ಚಾಫಿ ಎಂಬ ಮೂವರು ಗಗನಯಾತ್ರಿಗಳು ಅಭ್ಯಾಸಕ್ಕಾಗಿ ನೌಕೆಯೊಳಗೆ ಕುಳಿತಿದ್ದರು. ಕೆಳಗಿನ ರಾಕೆಟ್ಟಿನಲ್ಲಿ ಇಂಧನ ತುಂಬಿರಲಿಲ್ಲ. ಇಂಧನವಿಲ್ಲ, ಆದ್ದರಿಂದ ಅಪಾಯವಿಲ್ಲ ಎಂದು ಆ ಪರೀಕ್ಷೆಯನ್ನು ಅಪಾಯಕರವಾದವುಗಳ ಸಾಲಿಗೆ ಸೇರಿಸಿಯೇ ಇರಲಿಲ್ಲ. ಆದರೆ ನೌಕೆಯೊಳಗೆ ಹೊರಗಿನ ಗಾಳಿಗಿಂತ ಹೆಚ್ಚಿನ ಒತ್ತಡದಲ್ಲಿ ಶುದ್ಧ ಆಮ್ಲಜನಕ ತುಂಬಿತ್ತು. ಸುತ್ತ ನೈಲಾನು ಮುಂತಾದ ಉರಿಯುವ ವಸ್ತುಗಳಿದ್ದವು. ಬಾಗಿಲು ಒಳಮುಖವಾಗಿ ತೆರೆಯುವಂಥದು. ಎಲ್ಲೋ ಒಂದು ಕಿಡಿ ಹಾರಿತು. ಒಳಗಿನ ಒತ್ತಡವೇ ಬಾಗಿಲನ್ನು ಅದುಮಿ ಹಿಡಿಯಿತು. ಮೂವರೂ ನೆಲವನ್ನು ಬಿಡದೆಯೇ ಸತ್ತರು. ನೆಲದ ಮೇಲೆ ನಿಂತ ನೌಕೆಗೂ ಕೇಡಿದೆ ಎಂಬ ಸಾಲನ್ನು ಯಾರೂ ಬರೆದಿರಲಿಲ್ಲ. ಆಮೇಲೆ ಸೆಕೆಂಡುಗಳಲ್ಲಿ ಹೊರಕ್ಕೆ ತೆರೆಯುವ ಬಾಗಿಲು ಬಂದಿತು. ಉಡ್ಡಯನದ ಹೊತ್ತಿಗೆ ಆಮ್ಲಜನಕದ ಜೊತೆಗೆ ಸಾರಜನಕವನ್ನೂ ಬೆರೆಸತೊಡಗಿದರು.

ಎರಡನೆಯದು 1970ರ ಏಪ್ರಿಲಿನ ಅಪೊಲೊ-13. ಭೂಮಿಯಿಂದ ಹೊರಟು 56 ಗಂಟೆಗಳಾಗುವ ಹೊತ್ತಿಗೆ ಆಮ್ಲಜನಕದ ತೊಟ್ಟಿಯೊಂದು ಸಿಡಿಯಿತು. ಲವೆಲ್, ಸ್ವಿಗರ್ಟ್, ಹೇಯ್ಸ್ ಚಂದ್ರನ ಮೇಲೆ ಇಳಿಯಲಾಗದೆ, ಇಳಿಯಲೆಂದು ತಂದಿದ್ದ ಚಂದ್ರನೌಕೆಯನ್ನೇ ಆಶ್ರಯಿಸಿ ಜೀವಂತ ಮರಳಿದ ಕಥೆ ಎಲ್ಲರಿಗೂ ಗೊತ್ತು. ತೊಟ್ಟಿ ಸಿಡಿದ ಕಥೆ ಅಷ್ಟಾಗಿ ಗೊತ್ತಿಲ್ಲ; ಕಲಿಯುವವನಿಗೆ ಅದೇ ಮುಖ್ಯ. 1968ರಲ್ಲಿ ಆ ತೊಟ್ಟಿಯನ್ನು ಹೊತ್ತ ಚೌಕಟ್ಟನ್ನು ಎತ್ತುವಾಗ, ತೆಗೆಯಬೇಕಾಗಿದ್ದ ಒಂದು ಬೋಲ್ಟನ್ನು ಮರೆತು, ಅದು ಎರಡಂಗುಲದಷ್ಟು ಜಾರಿ ಬಿತ್ತು. ಪರೀಕ್ಷಿಸಿದರು, ಸರಿಯಾಗಿಯೇ ಕಂಡಿತು. 1970ರ ಮಾರ್ಚಿನಲ್ಲಿ ಉಡ್ಡಯನದ ತಾಲೀಮಿನ ಬಳಿಕ ತೊಟ್ಟಿಯನ್ನು ಬರಿದುಮಾಡಲು ಹೋದರೆ ಅದು ಬರಿದಾಗಲೊಲ್ಲದು. ಒಳಗಿನ ಹೀಟರುಗಳನ್ನು ಹಚ್ಚಿ ಆಮ್ಲಜನಕವನ್ನು ಕುದಿಸಿ ಹೊರಹಾಕೋಣ ಎಂದುಕೊಂಡರು. ಎಂಟು ಗಂಟೆ ಕಾಯಿಸಿದರು. ಕಾವು ಮಿತಿ ಮೀರಿದರೆ ಹೀಟರನ್ನು ಆರಿಸಲು ಒಳಗೊಂದು ಥರ್ಮೋಸ್ಟಾಟ್ ಸ್ವಿಚ್ಚು ಇತ್ತಷ್ಟೆ. ಆದರೆ ಅದು 28 ವೋಲ್ಟಿಗೆ ಮಾಡಿದ್ದು. ನೆಲದ ಮೇಲೆ ಕೊಡುತ್ತಿದ್ದುದು 65 ವೋಲ್ಟು. ವೋಲ್ಟೇಜು ಬದಲಾದ ಆದೇಶ ವರ್ಷಗಳ ಹಿಂದೆಯೇ ಬಂದಿತ್ತು, ಸ್ವಿಚ್ಚು ಮಾತ್ರ ಬದಲಾಗಿರಲಿಲ್ಲ. ತೆರೆಯಲು ಹೋದ ಸ್ವಿಚ್ಚು ಬೆಸೆದುಕೊಂಡುಬಿಟ್ಟಿತು. ಒಳಗೆ ಕಾವು ಸುಮಾರು 1000 ಡಿಗ್ರಿ ಫ್ಯಾರನ್‌ಹೀಟಿಗೆ ಏರಿ ತಂತಿಗಳ ಹೊದಿಕೆ ಸುಟ್ಟಿತು. ಕಾವಲಿಗೆ ಕುಳಿತವನು ಮಾಪಕವನ್ನು ನೋಡುತ್ತಲೇ ಇದ್ದ. ಆ ಮಾಪಕ 80 ಡಿಗ್ರಿಗಿಂತ ಹೆಚ್ಚಿನದನ್ನು ತೋರಿಸುವಂತೆಯೇ ಇರಲಿಲ್ಲ!

ಪಟ್ಟಿಯ ದೌರ್ಬಲ್ಯ ಇಲ್ಲಿ ಎದ್ದು ಕಾಣುತ್ತದೆ. ಅದು ಒಂದೊಂದು ಭಾಗವನ್ನು ಪ್ರತ್ಯೇಕವಾಗಿ ತೆಗೆದುಕೊಂಡು, ಉಳಿದದ್ದೆಲ್ಲ ಸರಿಯಾಗಿದೆ ಎಂದು ಭಾವಿಸಿ, ಇದೊಂದು ಕೆಟ್ಟರೆ ಏನು ಎಂದು ಕೇಳುತ್ತದೆ. ಎರಡಂಗುಲದ ಬೀಳು, ಬದಲಾಗದ ಸ್ವಿಚ್ಚು, 80ಕ್ಕೆ ನಿಂತ ಮಾಪಕ: ಬಿಡಿಬಿಡಿಯಾಗಿ ನೋಡಿದರೆ ಯಾವುದೂ ಪ್ರಾಣಾಂತಿಕವಲ್ಲ. ಮೂರೂ ಸೇರುವ ಸಾಲು ಪಟ್ಟಿಯಲ್ಲಿ ಇರುವುದಿಲ್ಲ. ಈ ವಿದ್ಯೆಯನ್ನು ಕಲಿಸುವವರು ಇದನ್ನು ಮೊದಲ ದಿನವೇ ಹೇಳಿಬಿಡುವುದು ಪ್ರಾಮಾಣಿಕತೆ ಎಂದು ನನ್ನ ಅಭಿಪ್ರಾಯ.

ಆದರೆ ಬರೆಯದ ಸಾಲು, ಬರೆಯಲಾಗದ ಸಾಲು ಇವೆರಡಕ್ಕಿಂತ ಕ್ರೂರವಾದ ಮೂರನೆಯದೊಂದಿದೆ. ಸ್ಪಷ್ಟವಾಗಿ, ಸರಿಯಾದ ಮಾತುಗಳಲ್ಲಿ, ತಾರೀಖು ಸಹಿತ ಬರೆದಿಟ್ಟ ಸಾಲು ಅದು.

ನಾಸಾದ ಬಾಹ್ಯಾಕಾಶ ಷಟಲ್ ಮೇಲೇರುವಾಗ ಅದರ ಇಕ್ಕೆಲಗಳಲ್ಲಿ ಎರಡು ಘನ ಇಂಧನದ ರಾಕೆಟ್ಟುಗಳು ಇರುತ್ತಿದ್ದವು. ಯೂಟಾ ಪ್ರಾಂತದಲ್ಲಿ ಮಾರ್ಟನ್ ಥಯೋಕಾಲ್ ಕಂಪನಿ ಅವನ್ನು ತುಂಡುತುಂಡಾಗಿ ಮಾಡಿ, ರೈಲಿನಲ್ಲಿ ಫ್ಲಾರಿಡಾಕ್ಕೆ ಕಳುಹಿಸುತ್ತಿತ್ತು, ಅಲ್ಲಿ ಜೋಡಿಸುತ್ತಿದ್ದರು. 12 ಅಡಿ ವ್ಯಾಸದ ಉಕ್ಕಿನ ತುಂಡುಗಳು ಕೂಡುವಲ್ಲಿ ಒಳಗಿನ ಬೆಂಕಿ ಹೊರಬರದಂತೆ ಎರಡು ರಬ್ಬರ್ ಬಳೆಗಳು. ‘ಓ-ರಿಂಗ್’ ಎಂದು ಅವುಗಳ ಹೆಸರು. ದಪ್ಪ ಕಾಲಂಗುಲಕ್ಕಿಂತ ತುಸು ಹೆಚ್ಚು. ಕುಕ್ಕರಿನ ಗ್ಯಾಸ್ಕೆಟ್ಟಿನ ದೊಡ್ಡಣ್ಣ ಎಂದುಕೊಳ್ಳಿ. ಒಂದು ಸೋತರೆ ಇನ್ನೊಂದು ಇದೆ ಎಂಬ ಧೈರ್ಯದಿಂದ ಕೇಡಿನ ಪಟ್ಟಿಯಲ್ಲಿ ಈ ಕೀಲಿಗೆ ‘1 ಆರ್’ ಎಂಬ ವರ್ಗ ಕೊಟ್ಟಿದ್ದರು. ಒಂದು ಎಂದರೆ, ಕೆಟ್ಟರೆ ನೌಕೆಯೂ ಜನರೂ ಹೋದಂತೆಯೇ. ಆರ್ ಎಂದರೆ, ಆದರೂ ಬೆಂಬಲಕ್ಕೆ ಮತ್ತೊಂದಿದೆ.

ಪರೀಕ್ಷೆಗಳು ಬೇರೆಯದನ್ನು ಹೇಳಿದವು. ಇಂಧನ ಹೊತ್ತಿ ಒತ್ತಡ ಏರಿದೊಡನೆ ಉಕ್ಕಿನ ಗೋಡೆ ಉಬ್ಬಿ, ಕೀಲು ಕೊಂಚ ಬಾಯಿ ಬಿಡುತ್ತದೆ. ಆಗ ಎರಡನೆಯ ಬಳೆ ತನ್ನ ಪೀಠದಿಂದ ಎದ್ದುಬಿಡಬಹುದು. ಅಂದರೆ ಬೆಂಬಲವೆಂದು ನಂಬಿದ್ದು ಬೆಂಬಲವಲ್ಲ. 1982ರ ಡಿಸೆಂಬರಿನಲ್ಲಿ ಪಟ್ಟಿಯನ್ನು ತಿದ್ದಿದರು. ‘ಆರ್’ ಹೋಯಿತು, ಬರಿಯ ‘1’ ಉಳಿಯಿತು. ಇಷ್ಟರ ಮಟ್ಟಿಗೆ ವಿದ್ಯೆ ತನ್ನ ಕೆಲಸವನ್ನು ಪೂರ್ತಿಯಾಗಿ ಮಾಡಿತು ಎನ್ನಬೇಕು. ಯಾವ ಭಾಗ, ಯಾವ ಬಗೆ, ಏನು ಪರಿಣಾಮ, ಎಲ್ಲವೂ ಅಲ್ಲಿತ್ತು. 1983ರ ಮಾರ್ಚಿನಲ್ಲಿ ಅದೇ ಸಾಲಿಗೆ ಒಂದು ವಿನಾಯತಿಯನ್ನು ಮಂಜೂರು ಮಾಡಿದರು. ಷಟಲ್ ಹಾರುತ್ತಲೇ ಇತ್ತು.

1985ರ ಜನವರಿಯ ಒಂದು ಹಾರಾಟದಲ್ಲಿ ಕೀಲಿನ ಕಾವು 53 ಡಿಗ್ರಿ ಫ್ಯಾರನ್‌ಹೀಟ್ ಇತ್ತು, ಎಂದರೆ ನಮ್ಮ ಲೆಕ್ಕದ ಸುಮಾರು 12 ಡಿಗ್ರಿ. ಸಮುದ್ರದಿಂದ ಎತ್ತಿ ತಂದ ರಾಕೆಟ್ಟನ್ನು ಬಿಚ್ಚಿ ನೋಡಿದರೆ ಎರಡು ಬಳೆಗಳ ನಡುವಿನ ಗ್ರೀಸು ಕಪ್ಪಾಗಿತ್ತು. ಬೆಂಕಿಯ ಹೊಗೆ ಮೊದಲನೆಯ ಬಳೆಯನ್ನು ದಾಟಿತ್ತು. ಥಯೋಕಾಲಿನ ಎಂಜಿನಿಯರ್ ರೋಜರ್ ಬೋಜೊಲೆ ಆ ಮಸಿಯನ್ನು ಕಣ್ಣಾರೆ ಕಂಡವನು. ಅದೇ ವರ್ಷದ ಜುಲೈ 31ರಂದು ಆತ ಮೇಲಿನವರಿಗೆ ಒಂದು ಟಿಪ್ಪಣಿ ಬರೆದು, ಈ ಕೀಲಿನ ಗೊಡವೆಯನ್ನು ಬಗೆಹರಿಸದೆ ಹೋದರೆ ಮನುಷ್ಯರ ಪ್ರಾಣ ಹೋದೀತೆಂದು ಬಿಚ್ಚಿ ಹೇಳಿದ.

1986ರ ಜನವರಿ 27ರ ಸಂಜೆ ಫ್ಲಾರಿಡಾದಲ್ಲಿ ಅಪರೂಪದ ಚಳಿ. ರಾತ್ರಿ ನೀರು ಹೆಪ್ಪುಗಟ್ಟುವ ಮುನ್ಸೂಚನೆ. ಮರುದಿನ ಬೆಳಗ್ಗೆ ‘ಚಾಲೆಂಜರ್’ ಹೊರಡಬೇಕು. ಯೂಟಾ, ಅಲಬಾಮಾ, ಫ್ಲಾರಿಡಾ ಮೂರು ಕಡೆಯವರು ಟೆಲಿಫೋನಿನಲ್ಲಿ ಸೇರಿ ಮಾತಾಡಿದರು. 53 ಡಿಗ್ರಿಗಿಂತ ಕೆಳಗೆ ಹಾರಿಸಬೇಡಿ ಎಂಬುದು ಎಂಜಿನಿಯರುಗಳ ಸಲಹೆ. ನಾಸಾದ ಅಧಿಕಾರಿಗಳಿಗೆ ಅದು ರುಚಿಸಲಿಲ್ಲ. ಕಂಪನಿಯವರು ತಾವೇ ಐದು ನಿಮಿಷ ಆಲೋಚಿಸುತ್ತೇವೆಂದು ಫೋನನ್ನು ಬದಿಗಿಟ್ಟರು; ಐದು ಅರ್ಧ ಗಂಟೆಯಾಯಿತು. ಬೋಜೊಲೆಯೂ ಅವನ ಜೊತೆಗಾರನೊಬ್ಬನೂ ನಕ್ಷೆ, ಚಿತ್ರಗಳನ್ನು ಮುಂದೆ ಹಿಡಿದು ವಾದಿಸಿದರು. ಕಡೆಗೆ ಕಂಪನಿಯ ಹಿರಿಯನೊಬ್ಬ ಎಂಜಿನಿಯರಿಂಗ್ ಮುಖ್ಯಸ್ಥನ ಕಡೆ ತಿರುಗಿ, ನಿನ್ನ ಎಂಜಿನಿಯರಿನ ಟೋಪಿಯನ್ನು ತೆಗೆದಿಟ್ಟು ಆಡಳಿತಗಾರನ ಟೋಪಿಯನ್ನು ಹಾಕಿಕೋ ಎಂದ. ಆತ ಹಾಗೆಯೇ ಮಾಡಿದ. ಸಲಹೆ ಬದಲಾಯಿತು. ‘ಬಿಡ್ತು ಅನ್ನು’ ಎಂಬುದಕ್ಕೆ ಅಮೆರಿಕದ ಕಂಪನಿಯ ಭಾಷೆಯಲ್ಲಿ ಇದಕ್ಕಿಂತ ಒಳ್ಳೆಯ ಅನುವಾದ ಸಿಕ್ಕಲಾರದು.

ಆ ರಾತ್ರಿಯ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಅದುವರೆಗಿನ ಪರಿಪಾಠದಲ್ಲಿ, ಹಾರಲು ಯೋಗ್ಯವಾಗಿದೆ ಎಂದು ಎಂಜಿನಿಯರು ಸಾಧಿಸಿ ತೋರಿಸಬೇಕಾಗಿತ್ತು. ಅಂದು, ಹಾರಿದರೆ ಖಂಡಿತ ಕೆಡುತ್ತದೆ ಎಂದು ಸಾಧಿಸು ಎಂದು ಕೇಳಿದರು. ಕೇಡಿನ ಪಟ್ಟಿಯ ಯಾವ ಸಾಲೂ ಖಂಡಿತ ಎನ್ನುವುದಿಲ್ಲ. ಕೆಡಬಹುದು ಎಂದಷ್ಟೇ ಅದರ ವ್ಯಾಕರಣ. ‘ಬಹುದು’ ಎಂಬುದನ್ನು ‘ಖಂಡಿತ’ ಮಾಡಿಕೊಡು ಎಂದು ಹಟ ಹಿಡಿದ ಗಳಿಗೆಯಲ್ಲಿ ಇಡೀ ಪಟ್ಟಿ ಬಾಯಿ ಕಟ್ಟಿ ಕೂರುತ್ತದೆ.

28ರಂದು ಬೆಳಗ್ಗೆ 11 ಗಂಟೆ 38 ನಿಮಿಷಕ್ಕೆ, ಗಾಳಿಯ ಕಾವು 36 ಡಿಗ್ರಿ ಇದ್ದಾಗ, ಚಾಲೆಂಜರ್ ಮೇಲೆದ್ದಿತು. 73 ಸೆಕೆಂಡುಗಳ ಬಳಿಕ ಅದು ಆಕಾಶದಲ್ಲಿ ಛಿದ್ರವಾಯಿತು. ಏಳು ಜನ. ಅವರಲ್ಲೊಬ್ಬಳು ಕ್ರಿಸ್ಟಾ ಮೆಕಾಲಿಫ್ ಎಂಬ ಶಾಲೆಯ ಉಪಾಧ್ಯಾಯಿನಿ. ಅವಳ ಪಾಠವನ್ನು ಆಕಾಶದಿಂದ ಕೇಳಬೇಕೆಂದು ದೇಶದ ಮಕ್ಕಳು ತರಗತಿಗಳಲ್ಲಿ ಟೆಲಿವಿಷನ್ ಮುಂದೆ ಕುಳಿತಿದ್ದರು.

ವಿಚಾರಣಾ ಆಯೋಗದಲ್ಲಿ ರಿಚರ್ಡ್ ಫೈನ್‌ಮನ್ ಎಂಬ ಭೌತವಿಜ್ಞಾನಿ ಇದ್ದ. ಫೆಬ್ರವರಿ 11ರ ಬಹಿರಂಗ ಸಭೆಯಲ್ಲಿ ಆತ ಆ ರಬ್ಬರಿನ ತುಣುಕೊಂದನ್ನು ಸಣ್ಣ ಇಕ್ಕಳದಲ್ಲಿ ಅದುಮಿ, ತನ್ನ ಮುಂದಿದ್ದ ಐಸುನೀರಿನ ಲೋಟದಲ್ಲಿ ಮುಳುಗಿಸಿ ತೆಗೆದ. ಇಕ್ಕಳವನ್ನು ಬಿಚ್ಚಿದರೂ ರಬ್ಬರು ಸ್ವಲ್ಪ ಹೊತ್ತು ಮೊದಲಿನ ಆಕಾರಕ್ಕೆ ಬರಲಿಲ್ಲ. ಅಡಿಗೆಮನೆಯ ಜ್ಞಾನ ಎಂದೆನಲ್ಲ, ಅದು ಇದೇ. ಬಾಯಿಬಿಡುವ ಕೀಲಿನ ಹಿಂದೆಯೇ ಕ್ಷಣಾರ್ಧದಲ್ಲಿ ಚಿಮ್ಮಿ ಸಂದನ್ನು ತುಂಬಬೇಕಾದ ಬಳೆ ಚಳಿಗೆ ಗಡುಸಾಗಿ ಕುಳಿತಲ್ಲೇ ಕುಳಿತಿತ್ತು. ಫೈನ್‌ಮನ್ ಮತ್ತೊಂದನ್ನೂ ಹೊರಗೆಳೆದ. ನೌಕೆ ನಾಶವಾಗುವ ಸಂಭವ ಎಷ್ಟೆಂದು ಕೇಳಿದಾಗ, ಕೈಯಿಂದ ಕೆಲಸ ಮಾಡುವ ಎಂಜಿನಿಯರುಗಳು ಸುಮಾರು ನೂರಕ್ಕೆ ಒಂದು ಎಂದರು. ಮೇಲಿನ ಆಡಳಿತದವರು ಲಕ್ಷಕ್ಕೆ ಒಂದು ಎಂದರು. ಒಂದೇ ಸಂಸ್ಥೆ, ಒಂದೇ ನೌಕೆ. ಮಹಡಿ ಏರಿದಂತೆಲ್ಲ ಅಪಾಯ ಸಾವಿರ ಪಾಲು ಕರಗಿಹೋಗಿತ್ತು.

ಅಪಘಾತವಾಗಿ ಐದು ವಾರ ಕಳೆದ ಮೇಲೆ, 1986ರ ಮಾರ್ಚ್ 7ರಂದು, ದೋಷಗಳ ಲೆಕ್ಕವಿಡುವ ಒಂದು ಕಡತದಲ್ಲಿ ಆಯೋಗದವರು ಈ ಕೀಲಿನ ವರ್ಗವನ್ನು ನೋಡಿದರು. ಅಲ್ಲಿ ಇನ್ನೂ ‘1 ಆರ್’ ಎಂದೇ ಇತ್ತು.

ಆಮೇಲೆ ಪಟ್ಟಿಗಳನ್ನೆಲ್ಲ ಮೊದಲಿನಿಂದ ಪರಿಶೀಲಿಸಿದರು. ಕೀಲಿಗೆ ಮೂರನೆಯ ಬಳೆಯೂ, ಚಳಿಗೆ ಹೀಟರುಗಳೂ ಬಂದವು. 1988ರ ಸೆಪ್ಟೆಂಬರಿನಲ್ಲಿ ಷಟಲ್ ಮತ್ತೆ ಹಾರಿತು. 2003ರ ಫೆಬ್ರವರಿ 1ರಂದು ನಮ್ಮ ಕಲ್ಪನಾ ಚಾವ್ಲಾ ಇದ್ದ ‘ಕೊಲಂಬಿಯ’ ಮರಳಿ ಬರುವಾಗ ಒಡೆದುಹೋಯಿತು. ಅಲ್ಲಿ ಕಾರಣ ರಬ್ಬರಲ್ಲ, ಇಂಧನ ತೊಟ್ಟಿಯಿಂದ ಕಳಚಿ ರೆಕ್ಕೆಗೆ ಬಡಿದ ನೊರೆಯ ತುಂಡು. ನೊರೆ ಕಳಚುವುದು ಹಿಂದಿನ ಹಾರಾಟಗಳಲ್ಲೂ ಕಂಡದ್ದೇ. ಪ್ರತಿಸಲವೂ ಏನೂ ಆಗಲಿಲ್ಲವಾದ್ದರಿಂದ ಅದು ವಾಡಿಕೆಯ ಮಾತಾಗಿಬಿಟ್ಟಿತ್ತು.

ನೆಲದ ಮೇಲಿನ ಕಾರ್ಖಾನೆಗಳಿಗೆ ಈ ವಿದ್ಯೆ ಇಳಿದುಬಂದುದು ಮೋಟಾರು ಕಾರುಗಳ ಮೂಲಕ. ಫೋರ್ಡ್ ಕಂಪನಿಯ ‘ಪಿಂಟೊ’ ಎಂಬ ಸಣ್ಣ ಕಾರಿನ ಪೆಟ್ರೋಲ್ ಟ್ಯಾಂಕು ಹಿಂದಿನ ಅಚ್ಚಿನ ಹಿಂಬದಿಗಿತ್ತು. ಹಿಂದಿನಿಂದ ಇನ್ನೊಂದು ಗಾಡಿ ಗುದ್ದಿದರೆ ಅದು ಒಡೆದು ಬೆಂಕಿ ಹತ್ತುತ್ತದೆಂಬ ಗದ್ದಲ ಎದ್ದು, 1978ರಲ್ಲಿ ಸುಮಾರು 15 ಲಕ್ಷ ಕಾರುಗಳನ್ನು ಕಂಪನಿ ವಾಪಸು ಕರೆಸಿ ರಿಪೇರಿ ಮಾಡಿಸಬೇಕಾಯಿತು. ಆ ದಿನಗಳಲ್ಲೇ ಫೋರ್ಡ್ ಈ ಪಟ್ಟಿಯನ್ನು ಕಾರಿನ ವಿನ್ಯಾಸಕ್ಕೂ ತಯಾರಿಕೆಗೂ ಹಚ್ಚಿಕೊಂಡಿತು. 1993ರ ಹೊತ್ತಿಗೆ ಅಮೆರಿಕದ ಮೂರು ದೊಡ್ಡ ಕಂಪನಿಗಳು ಸೇರಿ ಒಂದೇ ಕೈಪಿಡಿಯನ್ನು ಹೊರತಂದವು. ಬಿಡಿಭಾಗ ಒದಗಿಸುವವರೆಲ್ಲರೂ ಅದರಂತೆ ನಡೆಯಬೇಕಾಯಿತು. ನಮ್ಮ ಕಡೆಯ ತರುಣ ಎಂಜಿನಿಯರುಗಳು ಇಂದು ಕಲಿಯುವುದೂ ಈ ಪರಂಪರೆಯದೇ.

ಕಾರಿನವರ ಪಟ್ಟಿಯಲ್ಲಿ ಪ್ರತಿ ಸಾಲಿಗೂ ಮೂರು ಅಂಕಿಗಳು, ಒಂದೊಂದೂ 1ರಿಂದ 10ರ ಒಳಗೆ. ಪರಿಣಾಮ ಎಷ್ಟು ತೀವ್ರ. ಕಾರಣ ಎಷ್ಟು ಸಲ ಸಂಭವಿಸೀತು. ಗಿರಾಕಿಯ ಕೈಸೇರುವ ಮೊದಲು ಪತ್ತೆಯಾಗುವುದು ಎಷ್ಟು ಕಷ್ಟ. ಮೂರನ್ನೂ ಗುಣಿಸಿ ಬಂದುದು ಆ ಸಾಲಿನ ಅಪಾಯದ ಅಂಕ, ಹೆಚ್ಚೆಂದರೆ 1000. 100 ಮುಟ್ಟಿದ ಸಾಲಿಗೆ ಮಾತ್ರ ಪರಿಹಾರ ಹುಡುಕಿದರಾಯಿತು ಎಂಬ ಪದ್ಧತಿ ಎಷ್ಟೋ ಕಡೆ ಬೆಳೆಯಿತು. ಗುಣಾಕಾರ ನೋಡಲು ನ್ಯಾಯವಾಗಿ ಕಾಣುತ್ತದೆ. ಬ್ರೇಕಿನ ಕೊಳವೆ ಒಡೆಯುವ ಸಾಲನ್ನು ತೆಗೆದುಕೊಳ್ಳಿ: ತೀವ್ರತೆ 10, ಸಂಭವ 4, ಪತ್ತೆ 2, ಗುಣಿಸಿದರೆ 80. ಬಾಗಿಲಿನ ಹಿಡಿ ಗಲಗುಟ್ಟುವ ಸಾಲು: 4, 5, 5, ಗುಣಿಸಿದರೆ 100. ಲೆಕ್ಕದ ಪ್ರಕಾರ ಮೊದಲು ಹಿಡಿಯನ್ನು ಬಿಗಿಮಾಡಬೇಕು, ಬ್ರೇಕು ಕಾಯಬಹುದು! ಇದಲ್ಲದೆ 100ನ್ನು 96 ಮಾಡಲು ಯಂತ್ರವನ್ನೇ ಮುಟ್ಟಬೇಕಾಗಿಲ್ಲ, ರಬ್ಬರು ಪೆನ್ಸಿಲು ಸಾಕು. ಈ ಗುಣಾಕಾರವನ್ನು ಕೈಬಿಡಲು ಬಹಳ ಕಾಲ ಹಿಡಿಯಿತು. 2019ರಲ್ಲಿ ಅಮೆರಿಕದ ಮತ್ತು ಜರ್ಮನಿಯ ಮೋಟಾರು ಉದ್ಯಮದ ಸಂಘಗಳು ಜೊತೆಗೂಡಿ ಹೊರತಂದ ಕೈಪಿಡಿಯಲ್ಲಿ ತೀವ್ರತೆಯನ್ನೇ ಮೊದಲು ನೋಡಿ, ಸಾಲುಗಳನ್ನು ಹೆಚ್ಚು, ಮಧ್ಯಮ, ಕಡಿಮೆ ಎಂಬ ಮೂರು ಆದ್ಯತೆಗಳಲ್ಲಿ ಇಡುವ ಕೋಷ್ಟಕ ಬಂದಿತು. ಅದರಲ್ಲಿ ಮೇಲಿನ ಬ್ರೇಕಿಗೆ ಹೆಚ್ಚಿನ ಆದ್ಯತೆ, ಬಾಗಿಲಿನ ಹಿಡಿಗೆ ಕಡಿಮೆ.

ಕಲಿಕೆಯ ವಿಷಯ ಬಂದುದರಿಂದ ಒಂದು ಮಾತು. ಈ ಪಟ್ಟಿಯನ್ನು ಒಬ್ಬನೇ ಕುಳಿತು ಬರೆಯಬಾರದು. ವಿನ್ಯಾಸ ಮಾಡಿದವನು, ಲೇತಿನ ಮುಂದೆ ನಿಲ್ಲುವವನು, ರಿಪೇರಿ ಮಾಡುವವನು ಎಲ್ಲರೂ ಒಂದೇ ಮೇಜಿನ ಸುತ್ತ ಕೂರಬೇಕೆಂದು ಎಲ್ಲ ಕೈಪಿಡಿಗಳೂ ಹೇಳುತ್ತವೆ. ನಡೆಯುವುದು ಬಹಳ ಸಲ ಬೇರೆ. ತಪಾಸಣೆಗೆ ಗಿರಾಕಿಯ ಕಡೆಯವರು ಬರುತ್ತಾರೆಂಬ ಹಿಂದಿನ ರಾತ್ರಿ, ಹೊಸದಾಗಿ ಸೇರಿದ ಹುಡುಗನಿಗೆ ಹಳೆಯ ಭಾಗವೊಂದರ ಪಟ್ಟಿಯನ್ನು ಕೊಟ್ಟು ಹೆಸರು ಬದಲಿಸು ಎನ್ನುತ್ತಾರೆ. ಅವನು ಬದಲಿಸುತ್ತಾನೆ. ವಿದ್ಯೆ ಕಲಿತೆ ಎಂದೂ ಅಂದುಕೊಳ್ಳುತ್ತಾನೆ. ಲೇತಿನ ಮುಂದಿನ ಮನುಷ್ಯನಿಗೆ ಗೊತ್ತಿದ್ದ ಸಾಲು ಅವನ ತಲೆಯಲ್ಲೇ ಉಳಿಯುತ್ತದೆ, ಹಿಂದಿನ ಕಾಲದ ಬಡಗಿಯ ಅಂಜಿಕೆಯಂತೆ.

ನಮ್ಮ ದೇಶದಲ್ಲಿ ಈ ಕಥೆಗೆ ಹೊಂದುವ ಒಂದು ಘಟನೆ 1979ರ ಆಗಸ್ಟ್ 10ರಂದು ಶ್ರೀಹರಿಕೋಟೆಯಲ್ಲಿ ನಡೆಯಿತು. ಭಾರತದ ಮೊದಲ ಉಪಗ್ರಹ ವಾಹನ ಎಸ್.ಎಲ್.ವಿ.-3ರ ಮೊದಲ ಹಾರಾಟ. ಅದರ ಹೊಣೆ ಅಬ್ದುಲ್ ಕಲಾಂ ಅವರದು. ಹಾರುವ ಮುನ್ನ ಕಂಪ್ಯೂಟರು ನಿಯಂತ್ರಣ ವ್ಯವಸ್ಥೆಯಲ್ಲಿ ದೋಷ ಕಂಡು ತಡೆ ಹಾಕಿತು. ಸೋರಿಕೆ ಇದೆ, ಆದರೆ ಸಾಕಷ್ಟು ದ್ರವ ಮಿಕ್ಕಿದೆ ಎಂದು ತಜ್ಞರು ಧೈರ್ಯ ಹೇಳಿದರು. ಕಂಪ್ಯೂಟರನ್ನು ಬದಿಗಿಟ್ಟು ಹಾರಿಸಲು ತಾವೇ ತೀರ್ಮಾನಿಸಿದುದಾಗಿ ಕಲಾಂ ಅವರೇ ಮುಂದೆ ಎಷ್ಟೋ ಸಭೆಗಳಲ್ಲಿ ಹೇಳಿಕೊಂಡರು. ಕವಾಟವೊಂದು ಮುಚ್ಚದೆ ನೈಟ್ರಿಕ್ ಆಮ್ಲ ಸೋರಿಹೋಗಿತ್ತು. ಎರಡನೆಯ ಹಂತ ಹತೋಟಿ ತಪ್ಪಿತು. 317 ಸೆಕೆಂಡುಗಳಲ್ಲಿ ಎಲ್ಲ ಮುಗಿದು ವಾಹನ ಬಂಗಾಳ ಕೊಲ್ಲಿಯ ಪಾಲಾಯಿತು. ಆಗ ಇಸ್ರೋದ ಅಧ್ಯಕ್ಷರಾಗಿದ್ದವರು ಸತೀಶ್ ಧವನ್, ಬೆಂಗಳೂರಿನ ಟಾಟಾ ಇನ್ಸ್‌ಟಿಟ್ಯೂಟಿನ ನಿರ್ದೇಶಕರೂ ಅವರೇ. ಪತ್ರಕರ್ತರ ಮುಂದೆ ಅವರೇ ಹೋಗಿ ನಿಂತು ಸೋಲನ್ನು ತಮ್ಮ ಮೇಲೆ ಹಾಕಿಕೊಂಡರು. 1980ರ ಜುಲೈ 18ರಂದು ಎರಡನೆಯ ಹಾರಾಟ ಗೆದ್ದಾಗ ಪತ್ರಕರ್ತರ ಮುಂದೆ ಕಲಾಂ ಅವರನ್ನು ಕಳುಹಿಸಿದರು. ಇದನ್ನು ದೊಡ್ಡತನದ ಕಥೆಯಾಗಿ ಎಲ್ಲರೂ ಹೇಳುತ್ತಾರೆ, ಅದು ನಿಜ. ನನಗೆ ಇದರಲ್ಲಿ ಇನ್ನೊಂದು ಪ್ರಯೋಜನವೂ ಕಾಣುತ್ತದೆ: ಸೋತವನ ತಲೆ ಉರುಳದ ಕಡೆಯಲ್ಲಿ ಮುಂದಿನ ಪಟ್ಟಿಯನ್ನು ಜನ ನಿಜವಾಗಿ ಬರೆಯುತ್ತಾರೆ. ಥಯೋಕಾಲಿನಲ್ಲಿ ಬೋಜೊಲೆಗೆ ಇಂಥ ನೆರಳು ಸಿಕ್ಕಲಿಲ್ಲ. ಆಯೋಗದ ಮುಂದೆ ಸತ್ಯ ಹೇಳಿದ ಮೇಲೆ ತನ್ನವರ ನಡುವೆಯೇ ಅವನು ಹೊರಗಿನವನಾದ.

2019ರ ಸೆಪ್ಟೆಂಬರ್ 7ರ ನಡುರಾತ್ರಿ ಚಂದ್ರಯಾನ-2ರ ‘ವಿಕ್ರಮ್’ ಚಂದ್ರನ ನೆಲಕ್ಕೆ ಅಪ್ಪಳಿಸಿತು. ಎಂಜಿನುಗಳು ಎಣಿಸಿದುದಕ್ಕಿಂತ ಕೊಂಚ ಹೆಚ್ಚು ನೂಕಿದವು. ಸಣ್ಣಸಣ್ಣ ತಪ್ಪುಗಳು ಕೂಡುತ್ತ ಹೋದವು. ಇಳಿಯಲು ಗೊತ್ತುಮಾಡಿದ್ದ ಜಾಗ 500 ಮೀಟರಿನ ಚಿಕ್ಕ ಚೌಕ. ಮುಂದೆ ಅಧ್ಯಕ್ಷರಾದ ಎಸ್. ಸೋಮನಾಥ್ 2023ರ ಜುಲೈನಲ್ಲಿ ಇದನ್ನೆಲ್ಲ ವಿವರಿಸಿ, ಹಿಂದಿನದು ಗೆಲುವನ್ನು ಆಧರಿಸಿದ ವಿನ್ಯಾಸ, ಚಂದ್ರಯಾನ-3 ಸೋಲನ್ನು ಆಧರಿಸಿದ ವಿನ್ಯಾಸ ಎಂದರು. ಏನೇನು ಕೆಡಬಹುದು, ಕೆಟ್ಟರೆ ಹೇಗೆ ಕಾಪಾಡಿಕೊಳ್ಳಬೇಕು ಎಂಬುದರಿಂದಲೇ ಆರಂಭ. ಇಳಿಯುವ ಜಾಗವನ್ನು 4 ಕಿಲೋಮೀಟರ್ ಉದ್ದ, 2.4 ಕಿಲೋಮೀಟರ್ ಅಗಲಕ್ಕೆ ಹಿಗ್ಗಿಸಿದರು, ಕಾಲುಗಳನ್ನು ಗಟ್ಟಿಮಾಡಿದರು, ಇಂಧನವನ್ನು ಹೆಚ್ಚಿಸಿದರು, ವೇಗವನ್ನು ನೇರವಾಗಿ ಅಳೆಯುವ ಲೇಸರ್ ಉಪಕರಣವೊಂದನ್ನು ಸೇರಿಸಿದರು, ನಡುವಿನ ಐದನೆಯ ಎಂಜಿನನ್ನು ತೆಗೆದೇಬಿಟ್ಟರು. ಆಗಸ್ಟಿನ ಮೊದಲ ಭಾಗದಲ್ಲಿ ಸೋಮನಾಥ್ ಮತ್ತೆ ಮಾತಾಡಿದರು. ಅಳೆಯುವ ಉಪಕರಣಗಳೆಲ್ಲ ಸೋತರೂ, ಎರಡು ಎಂಜಿನು ಕೈಕೊಟ್ಟರೂ ನೌಕೆ ಇಳಿಯುವಂತೆ ಮಾಡಿದ್ದೇವೆ ಎಂದರು. ಹಾಗೆಂದವರು, ನೂಕುಬಲದ ವ್ಯವಸ್ಥೆ ಮಾತ್ರ ಸರಿಯಾಗಿ ನಡೆಯಬೇಕು ಎಂಬ ಷರತ್ತನ್ನೂ ಅದೇ ಉಸಿರಿನಲ್ಲಿ ಸೇರಿಸಿದರು. 23ರ ಸಂಜೆ 6 ಗಂಟೆ 4 ನಿಮಿಷದ ಹೊತ್ತಿಗೆ, ಬೆಂಗಳೂರಿನ ಪೀಣ್ಯದ ನಿಯಂತ್ರಣ ಕೊಠಡಿಯಲ್ಲಿ ಎಲ್ಲರೂ ಉಸಿರು ಹಿಡಿದು ನೋಡುತ್ತಿದ್ದುದು ಆ ಒಂದು ಷರತ್ತನ್ನೇ.